ಟವೆಲ್ ಕೆಳಗಿನ ಕೈ

ಆಂಜಿಯೋಗ್ರಾಂಗೆ ಮುಂಚೆ ಪೇಷಂಟಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಹೃದಯದ ರಕ್ತನಾಳ ನೋಡಲು ಸಣ್ಣ ನಳಿಗೆಯನ್ನು ಮಣಿಕಟ್ಟಿನಿಂದಲೂ ಬಿಡಬಹುದು, ತೊಡೆಸಂದಿಯಿಂದಲೂ ಬಿಡಬಹುದು. ತೊಡೆಯಿಂದಾದರೆ ಆಮೇಲೆ ತಾಸುಗಟ್ಟಲೆ ಕಾಲು ಮಡಚದೆ ಮಲಗಬೇಕು. ಹಾಗಾಗಿ ಹೆಚ್ಚಿನವರು ಕೈಯನ್ನೇ ಚಾಚುತ್ತಾರೆ.

ಗುತ್ತಲದ ನಿಂಗಪ್ಪಜ್ಜ ಮಾತ್ರ ಬಲಗೈಗೆ ಟವೆಲ್ ಸುತ್ತಿ ಬಗಲಿಗೆ ಒತ್ತಿಕೊಂಡ. "ಕೈ ಮುಟ್ಟಬ್ಯಾಡ ತಮ್ಮಾ, ತೊಡಿಯಾಗ ಹಾಕು."

"ಯಾಕ ಅಜ್ಜಾರ? ಕೈಯಾಗ ಹಾಕಿದ್ರ ಲಗೂನ ಎದ್ದು ಅಡ್ಡಾಡಬಹುದು."

"ನಾ ಎತ್ತಿನ ದಲಾಲಿ. ಹಾವೇರಿ ಸಂತ್ಯಾಗ ಬಾಯಿಲೆ ರೇಟ್ ಹೇಳೂದಿಲ್ಲ, ಟವೆಲ್ ಕೆಳಗ ಬೆರಳು ಒತ್ತಿ ಹೇಳತೇವಿ. ಕಾಲು ಕುಂಟಿದ್ರ ನಡೀತೈತಿ. ಬೆರಳು ತಪ್ಪಿದ್ರ ಮರ್ಯಾದಿ ಹೋಗತೈತಿ."

ಡಾಕ್ಟರು ನಕ್ಕು, "ಎಡಗೈ ಖಾಲಿ ಐತೇನ್ರಿ?" ಎಂದರು. ಅಜ್ಜ ಎಡಗೈಯನ್ನು ತಿರುಗಿಸಿ ನೋಡಿದ, ಅದೊಂದು ಇದೆಯೆಂದು ಆಗಷ್ಟೇ ನೆನಪಾದವನ ಹಾಗೆ. "ಇದಕ್ಕೇನೂ ಕೆಲಸಿಲ್ಲ, ತಗೋರಿ."

ಎಲ್ಲ ಸುಸೂತ್ರವಾಗಿ ಮುಗಿಯಿತು. ನಾಳಗಳೂ ಚೆನ್ನಾಗಿದ್ದವು. ಎಡ ಮಣಿಕಟ್ಟಿಗೆ ಪಟ್ಟಿ ಕಟ್ಟಿ, "ನಾಳಿತನಕ ಇಲ್ಲೇ ಇರಬೇಕ್ರಿ" ಎಂದೆ. ಅಜ್ಜ ನನ್ನ ಕೈ ಹಿಡಿದು, ಮೇಲೆ ಟವೆಲ್ ಹೊದಿಸಿ, ಒಂದು ಬೆರಳು ಒತ್ತಿ ನನ್ನ ಮುಖ ನೋಡಿದ. ನನಗೆ ತಿಳಿಯಲಿಲ್ಲ. ಮತ್ತೊಂದು ಒತ್ತಿದ. ಇಡೀ ವಾರ್ಡೇ ನೋಡುತ್ತಿತ್ತು. ಬಿಟ್ಟರೆ ಸಾಕೆಂದು "ಹೂಂರಿ" ಅಂದೆ.

"ವ್ಯವಹಾರ ಮುಗೀತು!"

ಏನಕ್ಕೆ ಒಪ್ಪಿದೆನೋ ಆಗ ಗೊತ್ತಾಗಲಿಲ್ಲ. ಸಂಜೆ ಡಾಕ್ಟರು ಬಂದಾಗ ಅಜ್ಜ ಚಪ್ಪಲಿ ಮೆಟ್ಟಿಕೊಂಡು ಕೂತಿದ್ದ. "ಈ ತಮ್ಮ ಇವತ್ತ ಕಳಸ್ತೇನಿ ಅಂತ ಮಾತು ಕೊಟ್ಟಾನ್ರಿ" ಎಂದು ನನ್ನತ್ತ ಬೆರಳು ತೋರಿಸಿದ. ಬಲಗೈ ಬೆರಳು, ಒಂದಿಷ್ಟೂ ನಡುಗದೆ.