ಹೊಸ್ತಿಲ ಮೇಲಿಂದ ಬೇಡ

ನನ್ನ ಗಂಡನ ಅಣ್ಣ, ನನ್ನ ಭಾವ ಮೋತಿಯೇಯುಸ್, ನಮ್ಮ ಲಿಥುವೇನಿಯಾಕ್ಕೆ ಒಮ್ಮೆ ವಿದೇಶಾಂಗ ಮಂತ್ರಿಯಾಗಿದ್ದವರು, ಹಲವು ದೇಶಗಳಲ್ಲಿ ರಾಯಭಾರಿಯಾಗಿದ್ದವರು. ಮನೆಯಲ್ಲಿ ಮಾತ್ರ ಒಂದು ಮೊಟ್ಟೆ ಬೇಯಿಸಿಕೊಳ್ಳಲು ಬಾರದ ಮನುಷ್ಯ. ನನ್ನ ಗಂಡ ತೀರಿಕೊಂಡ ಮೇಲೆ ಕೌನಸ್ ನಗರದಲ್ಲಿದ್ದ ಅವರ ಮನೆಯ ಒಲೆ ನನ್ನ ಪಾಲಿಗೆ ಬಂತು. ಬೈಯುತ್ತಲೇ ಸಾಕಿದೆ.

ಅವರ ರಾಜನೀತಿಯೆಲ್ಲ ಹಳ್ಳಿಯ ನಮ್ಮತ್ತೆ ಕಲಿಸಿದ್ದು. ರಷ್ಯದ ಚಕ್ರವರ್ತಿ ನಮ್ಮ ಅಕ್ಷರದ ಪುಸ್ತಕಗಳನ್ನೇ ನಿಷೇಧಿಸಿದ್ದ ಕಾಲದಲ್ಲಿ ಆಕೆ ರಾಟೆ ತಿರುಗಿಸುತ್ತ, ಕದ್ದು ತಂದ ಪ್ರಾರ್ಥನೆಯ ಪುಸ್ತಕದಿಂದ ಮಗನಿಗೆ ಓದು ಹೇಳಿಕೊಟ್ಟಳು. ಜೊತೆಗೆ ನಮ್ಮ ಕಡೆಯ ಕಟ್ಟಳೆಯನ್ನೂ ಹೇಳಿಕೊಟ್ಟಳು: ಹೊಸ್ತಿಲ ಮೇಲಿಂದ ಕೈ ಕುಲುಕಬಾರದು, ಏನನ್ನೂ ಕೊಡಬಾರದು, ತಗೊಳ್ಳಬಾರದು. ಬಂದವರು ಒಳಗೆ ಬರಬೇಕು, ರೊಟ್ಟಿ ತಿನ್ನಬೇಕು, ಆಮೇಲೆ ಮಾತು.

ಮೊದಲ ಸಲ ರಾಯಭಾರಿಯಾಗಿ ಹೋದಾಗ ಆ ದೇಶದ ಪ್ರಧಾನಿಯೇ ಬಾಗಿಲಿಗೆ ಬಂದು ಕೈ ಚಾಚಿದನಂತೆ. ಹೊರಗಿದ್ದ ಭಾವ ಕೈ ಕೊಡದೆ, ಅವನನ್ನು ಸರಿಸಿಕೊಂಡು ಒಳಗೆ ನುಗ್ಗಿ, ಆಮೇಲೆ ಕುಲುಕಿದರಂತೆ. ಹಂದಿ ಕಾಯುವವನನ್ನು ಕಳಿಸಿದ್ದಾರೆಂದು ಅಲ್ಲಿನ ಪತ್ರಿಕೆಗಳು ಬರೆದವು. ಕ್ಷಮೆ ಕೇಳೆಂದು ನಮ್ಮ ಸರ್ಕಾರವೇ ಹೇಳಿತು. ಕೇಳಲಿಲ್ಲ.

"ಹಂದಿ ಕಾದಿದ್ದು ನಿಜ ಕಣೆ ಬ್ರೋನೆ," ಅಂತ ನನ್ನ ಹತ್ತಿರ ನಗುತ್ತಿದ್ದರು. "ಆದ್ರೆ ನಮ್ಮ ಹಂದಿಗಳೂ ಬಾಗಿಲಲ್ಲಿ ನಿಂತು ವ್ಯವಹಾರ ಮಾಡ್ತಿರ್ಲಿಲ್ಲ!"

ಸಾವಿರದ ಒಂಬೈನೂರ ನಲವತ್ತರ ಬೇಸಿಗೆಯಲ್ಲಿ ಸೋವಿಯತ್ ಟ್ಯಾಂಕುಗಳು ಬಂದವು. ಪರದೇಶಗಳಲ್ಲಿರುವ ನಮ್ಮ ರಾಯಭಾರ ಕಚೇರಿಗಳ ಬೀಗದ ಕೈಗಳನ್ನು ಮಾಸ್ಕೋದವರಿಗೆ ಒಪ್ಪಿಸಬೇಕೆಂದು ಆಜ್ಞೆಯಾಯಿತು. ಅಲ್ಲಿದ್ದವರು ಒಪ್ಪಲಿಲ್ಲ. ಅವರಲ್ಲಿ ಎಷ್ಟೋ ಜನ ಭಾವನ ಕೈಯಲ್ಲಿ ಪಳಗಿದವರು. ಭಾವ ಸಹಿ ಮಾಡಿ ಹೇಳಿಕಳಿಸಿದರೆ ಕೇಳಿಯಾರೆಂದು ಮಾಸ್ಕೋದವರು ಕೂರಿಸಿದ ಹೊಸ ಸರ್ಕಾರದ ಲೆಕ್ಕ.

"ತಲೆ ಗಟ್ಟಿ ಇದೆ ಅಂತ ಬಂಡೆಗೆ ಹಾಯ್ಬೇಡಿ ಭಾವ," ಅಂತ ಅಂಗಲಾಚಿದೆ. "ಒಂದು ಸಹಿ ತಾನೆ? ಹಾಕಿ ಸುಮ್ನಿದ್ಬಿಡಿ."

"ಆ ಬೀಗದ ಕೈ ನಂದಲ್ವಲ್ಲೇ, ಕೊಡೋಕೆ."

ಕೊನೆಗೆ ಬಂದೇಬಿಟ್ಟರು. ಮುಂದೆ ಜಿಗ್ಮಾಸ್, ಹಿಂದೆ ಒಬ್ಬ ರಷ್ಯನ್ ಅಧಿಕಾರಿ, ಬೀದಿಯಲ್ಲಿ ಒಂದು ಲಾರಿ, ಬಂದೂಕಿನವರು. ಜಿಗ್ಮಾಸ್ ಭಾವನಿಗೆ ಕಾರ್ಯದರ್ಶಿಯಾಗಿದ್ದವನು, ವರ್ಷಗಟ್ಟಲೆ ನನ್ನ ಬೀಟ್‌ರೂಟ್ ಸಾರು ಕುಡಿದವನು. ಹೊರಗೆ ನಿಂತೇ ಕಾಗದ, ಪೆನ್ನು ಚಾಚಿದ.

"ಗುರುಗಳೇ, ಇಲ್ಲೇ ಒಂದು ಸಹಿ ಹಾಕಿಬಿಡಿ."

"ಹೊಸ್ತಿಲ ಮೇಲಿಂದ ಕೊಡ್ಬಾರ್ದು ಅಂತ ನಿಮ್ಮಮ್ಮ ಹೇಳ್ಕೊಟ್ಟಿಲ್ವೇನೋ? ಒಳಗೆ ಬಾ. ರೊಟ್ಟಿ ತಿನ್ನು. ಆಮೇಲೆ ಕೇಳು."

ಜಿಗ್ಮಾಸ್‌ನ ಮುಖ ಇಳಿದುಹೋಯಿತು. ರೊಟ್ಟಿ ತಿಂದ ಮನೆಗೆ ಎರಡು ಬಗೆಯಬಾರದೆಂದು ಅವನೂ ಬಲ್ಲ. ಒಳಗೆ ಕಾಲಿಡಲಿಲ್ಲ. ಅಧಿಕಾರಿಗೆ ಅಂಥ ಹಂಗೇನಿತ್ತು? ಕಾಗದ ಕಿತ್ತುಕೊಂಡು ಬೂಟುಗಾಲಲ್ಲೇ ಬಂದು ಕೂತ, ಕಪ್ಪು ರೊಟ್ಟಿಗೆ ಬೆಣ್ಣೆ ಮೆತ್ತಿಕೊಂಡು ತಿಂದ, ಬಾಯಿ ಒರೆಸಿಕೊಂಡು "ಸಹಿ" ಅಂದ.

"ಆಗಲ್ಲ," ಅಂದರು ಭಾವ. "ರೊಟ್ಟಿ ಬೇಕಾದ್ರೆ ಇನ್ನೊಂದು ಚೂರಿದೆ."

ಬಂದೂಕಿನವರು ಭಾವನನ್ನು ಹೊರಗೆ ನಡೆಸಿದರು. ಬೀದಿಯ ಕಿಟಕಿಗಳೆಲ್ಲ ಮುಚ್ಚಿಕೊಂಡವು. ನಾನೂ ಬಾಗಿಲ ಸಂದಿಯಲ್ಲೇ ಅಡಗಿ ನಿಂತಿದ್ದೆ. ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಒಳಗಿನಿಂದಲೇ ಕೈ ಚಾಚಿದೆ. ಭಾವ ತಿರುಗಿ ನೋಡಿದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಹೊಸ್ತಿಲ ಮೇಲಿಂದ ಬೇಡ ಬ್ರೋನೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹಠಮಾರಿ ಮುದುಕ! "ಈಗ್ಲೂ ನಿಮ್ದೇ ನಡೀಬೇಕು!" ಎಂದು ಕೂಗಿ, ಅದೇ ಸಿಟ್ಟಿನಲ್ಲಿ ಹೊಸ್ತಿಲು ದಾಟಿ, ಬಂದೂಕಿನವರನ್ನು ಮೊಣಕೈಯಿಂದ ತಳ್ಳಿಕೊಂಡು ನಡುಬೀದಿಗೆ ಹೋಗಿ ರೊಟ್ಟಿಯನ್ನು ಭಾವನ ಕೈಯಲ್ಲಿಟ್ಟೆ. ಭಾವ ಪ್ರಧಾನಿಗಳಿಗೆ ಕೊಡುವ ಹಾಗೆ ನನಗೂ ಕೈ ಕೊಟ್ಟು ಕುಲುಕಿ ಲಾರಿ ಹತ್ತಿದರು. ತಿರುಗಿ ಬರಲಿಲ್ಲ.

ಸ್ವಲ್ಪ ದಿನಕ್ಕೆ ಜಿಗ್ಮಾಸ್ ಒಬ್ಬನೇ ಬಂದ. ಭಾವ ಬಾಯಿಮಾತಲ್ಲಿ ಒಪ್ಪಿದ್ದರೆಂದು ನಾನು ಸಾಕ್ಷಿ ಸಹಿ ಹಾಕಬೇಕಂತೆ. ಹೊರಗಿನಿಂದಲೇ ಕಾಗದ ಚಾಚಿದ.

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಒಳಗೆ ಬಾರೋ ಜಿಗ್ಮಾಸ್," ಅಂದೆ. "ರೊಟ್ಟಿ ಈಗಷ್ಟೇ ಬೆಂದಿದೆ. ತಿಂದು ಕೇಳು."