ಕಿಟಕಿಯ ಮೇಲಿನ ಟ್ರಾಕ್ಟರುಗಳು

ಎರಡನೇ ಅಲೆ ಅಂತ ಟಿವಿಯವರು ಹೇಳುತ್ತಿದ್ದ ಆ ಬೇಸಿಗೆಯಲ್ಲಿ ನನ್ನ ಗಂಡನಿಗೆ ಜ್ವರ ಬಂತು. ಅವರು ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರಾಕ್ಟರಿನ ಡ್ರೈವರ್. ಮೊದಲ ದಿನ ಮೈಕೈ ನೋವು ಅಂದರು. ಎರಡನೇ ದಿನ ಮುದ್ದೆ ಮುರಿದು ಬಾಯಿಗಿಟ್ಟುಕೊಂಡವರು, "ಸಾರಿಗೆ ಉಪ್ಪೇ ಹಾಕಿಲ್ವಲ್ಲ" ಅಂದರು. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು.

ಯಾರೂ ಹೇಳುವ ಮೊದಲೇ ಅವರು ತಟ್ಟೆ ಎತ್ತಿಕೊಂಡು ಹಿತ್ತಲಲ್ಲಿ ಕೊಟ್ಟಿಗೆಗೆ ಅಂಟಿಕೊಂಡಿರುವ ಸಣ್ಣ ಕೋಣೆಗೆ ಹೋಗಿಬಿಟ್ಟರು. ಯಳಂದೂರಿಗೆ ಹೋಗಿ ಗಂಟಲ ದ್ರವ ಕೊಟ್ಟು ಬಂದರು. ಎರಡು ದಿನಕ್ಕೆ ಫೋನ್ ಬಂತು, ಕೊರೊನಾ ಅಂತ.

ನಮ್ಮ ಬೀದಿಯಲ್ಲಿ ಆಗಲೇ ಒಬ್ಬರು ತಾವೇ ನಡೆದು ಆಂಬುಲೆನ್ಸ್ ಹತ್ತಿ ಹೋದವರು ವಾಪಸ್ ಬಂದಿರಲಿಲ್ಲ. ಅವರ ಹೆಂಡತಿಗೆ ಮುಖ ಕೂಡ ನೋಡಲು ಸಿಗಲಿಲ್ಲ. ಹನೂರಿನಿಂದ ನನ್ನ ಅವ್ವ ಫೋನ್ ಮಾಡಿ, "ಮಗೀನಾರ ಇಲ್ಲಿಗೆ ಕಳ್ಸವ್ವ" ಅಂದಳು. ಮಗಳಿಗೆ ಆಗ ಏಳು ವರ್ಷ. ಹೇಗೆ ಕಳಿಸಲಿ? ಅವಳ ಮೈಯಲ್ಲೂ ಅದು ಸೇರಿಕೊಂಡಿದ್ದರೆ?

ಕೋಣೆಯ ಕಿಟಕಿಗೆ ನಾಲ್ಕು ಮಾರು ದೂರದಲ್ಲಿ ಸುಣ್ಣದಲ್ಲಿ ಒಂದು ಗೆರೆ ಎಳೆದೆ. "ಇದನ್ನ ದಾಟಿದ್ರೆ ಕಾಲು ಮುರೀತೀನಿ" ಅಂದೆ. ಅವಳು ಗೆರೆಯ ಮೇಲೆಯೇ ಕೂತು, ಅಪ್ಪನನ್ನು ನೋಡುತ್ತಾ ಅತ್ತಳು.

ಅವರಿಗೆ ಅದನ್ನು ನೋಡಲಾಗಲಿಲ್ಲವೇನೋ. ಆ ಕೋಣೆಯ ಮೂಲೆಯಲ್ಲಿ ದನಕ್ಕೆ ಹಾಕಿ ಉಳಿದಿದ್ದ ಒಣ ಜೋಳದ ದಂಟಿನ ಕಂತೆ ಬಿದ್ದಿತ್ತು. ಒಂದು ದಂಟು ಎಳೆದುಕೊಂಡು ಸಿಪ್ಪೆ ಸುಲಿದರು, ಒಳಗಿನ ಬಿಳಿ ಬೆಂಡನ್ನು ತುಂಡು ಮಾಡಿದರು, ಸಿಪ್ಪೆಯ ಸೀಳುಗಳನ್ನೇ ಮೊಳೆಯ ಹಾಗೆ ಚುಚ್ಚಿ ಜೋಡಿಸಿದರು. ಸಂಜೆಯೊಳಗೆ ಕಿಟಕಿಯ ಸರಳಿನಾಚೆ ಒಂದು ಪುಟ್ಟ ಟ್ರಾಕ್ಟರ್ ನಿಂತಿತ್ತು. ಮಗಳು ಅಳು ನಿಲ್ಲಿಸಿ, "ಅಪ್ಪಾ, ಟ್ರೇಲರ್ ಎಲ್ಲಿ?" ಅಂದಳು.

ಮರುದಿನ ಟ್ರೇಲರ್ ಬಂತು. ಅದರ ಮರುದಿನ ಅದರ ತುಂಬ ಕಬ್ಬಿನ ಜಲ್ಲೆಗಳು, ಹುಲ್ಲುಕಡ್ಡಿ ಕತ್ತರಿಸಿ ಮಾಡಿದವು. ಆಮೇಲೆ ಎರಡನೇ ಟ್ರಾಕ್ಟರ್, ಮೂರನೆಯದು, ಕಾರ್ಖಾನೆಯ ಹೊಗೆಕೊಳವೆ. ಹಂಗಾಮಿನಲ್ಲಿ ಕುಂತೂರಿನ ಗೇಟಿನ ಮುಂದೆ ನಿಲ್ಲುವ ಸಾಲೇ ನಮ್ಮ ಕಿಟಕಿಯ ಮೇಲೆ ನಿಂತಿತು. ಅತ್ತೆ ಒಗೆಯುವ ಕಲ್ಲಿನ ಮೇಲೆ ಕೂತು, "ಲೇ, ಹಿಂದಿನ ಟೈರು ಸೊಟ್ಟಗದೆ ಕಣ್ಲಾ" ಅಂದರು.

"ಸುಮ್ನಿರವ್ವ, ನಮ್ಮೂರ್ ರಸ್ತೆಗೆ ಅದೇ ಸರಿ" ಅಂದರು ಇವರು.

ನಾವೆಲ್ಲ ನಕ್ಕೆವು. ಅವರೂ ನಕ್ಕರು. ಆ ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಕಿಟಕಿಯಿಂದ ಅವರ ಮುಖ ಮರೆಯಾಯಿತು. ನನ್ನ ಕೈಯಲ್ಲಿದ್ದ ಚೊಂಬು ಕಲ್ಲಿನ ಮೇಲೆ ಬಿತ್ತು. ಅವತ್ತಿನಿಂದ ಅವರು ನಕ್ಕರೆ ಸಾಕು, ಹಿಂದೆಯೇ ಏನು ಬರುತ್ತದೋ ಅಂತ ನಾನು ಉಸಿರು ಹಿಡಿದು ನಿಲ್ಲುತ್ತಿದ್ದೆ.

ಕೊರೊನಾ ಅಂತ ಗೊತ್ತಾದ ಏಳನೇ ದಿನ ಮಧ್ಯಾಹ್ನ ಮಗಳ ಸ್ಕೂಲ್ ಬ್ಯಾಗ್ ಎತ್ತಿಡಲು ಹೋದಾಗ ಒಳಗೆ ಏನೋ ಗಲಗಲ ಅಂದಿತು. ತೆಗೆದು ನೋಡಿದರೆ ಟ್ರಾಕ್ಟರ್. ನಾನು ಇಲ್ಲದ ಹೊತ್ತಿನಲ್ಲಿ ಗೆರೆ ದಾಟಿ ತಂದುಕೊಂಡಿದ್ದಳು.

ಎರಡೇಟು ಹೊಡೆದೆ. ಅವಳ ಕೈ ಕೆಂಪಾಗುವ ತನಕ ಸೋಪು ಹಾಕಿ ತಿಕ್ಕಿದೆ. ಟ್ರಾಕ್ಟರನ್ನು ತೆಗೆದುಕೊಂಡು ಹೋಗಿ ಹಿತ್ತಲ ನೀರೊಲೆಗೆ ಎಸೆದೆ. ಒಣ ಬೆಂಡು ಭಗ್ ಅಂತ ಹತ್ತಿ ಉರಿಯಿತು. ತಿರುಗಿದರೆ ಅವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು.

"ಮಗೀಗ್ ಒಡೀಬ್ಯಾಡ. ಕೈಗೆ ಸಿಗೋ ಹಂಗೆ ಇಟ್ಟಿದ್ದು ನಾನು" ಅಂದರು. ಉಳಿದವನ್ನೆಲ್ಲ ಒಳಗೆಳೆದುಕೊಂಡು ಕಿಟಕಿ ಮುಚ್ಚಿದರು.

ಮಾರನೇ ದಿನ ಬೆಳಿಗ್ಗೆ ಬಂದ ಆಶಾ ಕಾರ್ಯಕರ್ತೆ ಅವರ ಬೆರಳಿಗೆ ಮಿಷನ್ ಸಿಕ್ಕಿಸಿದಳು. ನೋಡಿ, ಒರೆಸಿ, ಇನ್ನೊಂದು ಬೆರಳಿಗೆ ಹಾಕಿದಳು. "ಅಕ್ಕಾ, ಆಕ್ಸಿಜನ್ ಎಂಬತ್ತೆಂಟು ತೋರಿಸ್ತಾ ಅದೆ. ಈಗ್ಲೇ ಕೊಳ್ಳೇಗಾಲಕ್ಕೆ ಕಳಿಸ್ಬೇಕು" ಅಂದಳು. ಅವರು ತಾವೇ ನಡೆದು ಆಂಬುಲೆನ್ಸ್ ಹತ್ತಿದರು. ಅದನ್ನು ನೋಡಿದಾಗ ನನಗೆ ನಮ್ಮ ಬೀದಿಯ ಆ ಮನುಷ್ಯನೇ ಕಣ್ಣಿಗೆ ಕಟ್ಟಿದ. ಜೊತೆಗೆ ಹೋಗಲು ಬಿಡಲಿಲ್ಲ. ಗಾಡಿ ಬೀದಿ ತಿರುಗಿದ ಮೇಲೆ ನನಗೆ ಹೊಳೆದದ್ದು ಒಂದೇ: ಅವರು ಕೊನೆಯದಾಗಿ ನೋಡಿದ್ದು ತಾವು ಮಾಡಿದ ಟ್ರಾಕ್ಟರನ್ನು ನಾನು ಸುಟ್ಟಿದ್ದನ್ನು.

ಎರಡು ದಿನಕ್ಕೆ ಮಗಳ ಹಣೆ ಬಿಸಿಯಾಯಿತು. ನಾನು ಇಡೀ ದಿನ ಅವಳ ಪಕ್ಕದಿಂದ ಏಳಲಿಲ್ಲ. ಪರೀಕ್ಷೆ ಮಾಡಿಸಿದೆವು, ಏನೂ ಇಲ್ಲ ಅಂದರು. ಜ್ವರ ತಾನಾಗಿಯೇ ಇಳಿಯಿತು. ಆದರೂ ಗಳಿಗೆಗೊಮ್ಮೆ ಹೋಗಿ ಅವಳ ಕತ್ತು ಮುಟ್ಟಿ ನೋಡುತ್ತಿದ್ದೆ. ಕೆಲಸವಿಲ್ಲದೆ ಕೂತರೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ.

ಅತ್ತೆ ಅದನ್ನು ಗಮನಿಸಿದ್ದರು. ಒಂದು ದಿನ ಕೊಟ್ಟಿಗೆಯ ಅಟ್ಟದಿಂದ ಬೇರೆ ದಂಟುಗಳನ್ನು ಇಳಿಸಿ ನನ್ನ ಮಡಿಲಿಗೆ ಹಾಕಿದರು. "ಅತ್ರೆ ಏನ್ ಬಂದದು ಕೂಸೇ, ಮಗೀಗೆ ಒಂದ್ ಗಾಡಿ ಮಾಡ್ಕೊಡು" ಅಂದರು.

ನಾನು ಮಾಡಿದ ಗಾಡಿ ನಿಲ್ಲಲಿಲ್ಲ. ಚಕ್ರ ಕೂರಿಸಲು ಹೋದರೆ ಬೆಂಡು ಸೀಳುತ್ತಿತ್ತು. ನಾನು ಹೊಡೆದಾಗಿನಿಂದ ಮಾತು ಬಿಟ್ಟಿದ್ದ ಮಗಳು ಮೊದಲ ಸಲ ಬಾಯಿ ತೆರೆದಳು: "ಅಪ್ಪನ್ನ ಕೇಳು."

ಅವತ್ತು ಆಸ್ಪತ್ರೆಯ ಒಬ್ಬ ನರ್ಸಮ್ಮ ವಿಡಿಯೋ ಕಾಲ್ ಹಾಕಿಕೊಟ್ಟರು. ನನ್ನ ಗಂಡನ ಮುಖದ ತುಂಬ ಆಕ್ಸಿಜನ್ ಮಾಸ್ಕ್, ಕಣ್ಣು ಗುಳಿ ಬಿದ್ದಿದ್ದವು. ಮಾತಾಡುವ ಹಾಗಿರಲಿಲ್ಲ. ಏನು ಕೇಳಬೇಕೋ ತೋಚದೆ ನಾನು ಮುರಿದ ಗಾಡಿಯನ್ನೇ ಫೋನಿಗೆ ಹಿಡಿದೆ. "ಚಕ್ರ ನಿಲ್ತಿಲ್ಲ ಕಣ್ರಿ" ಅಂದೆ. ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೂಜಿ ಚುಚ್ಚಿದ್ದ ಕೈಯನ್ನು ಮೆಲ್ಲಗೆ ಎತ್ತಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಎಳೆಯಷ್ಟು ಸಂದು ಬಿಟ್ಟು ತೋರಿಸಿದರು. ಸೀಳು ಇನ್ನೂ ತೆಳ್ಳಗಿರಬೇಕು ಅಂತ. ನಾನು ಸೀಳಿ ತೋರಿಸಿದೆ. ಅವರು ತಲೆ ಅಲ್ಲಾಡಿಸಿದರು, ಇನ್ನೂ ತೆಳ್ಳಗೆ. ಮೂರನೇ ಸಲಕ್ಕೆ ಚಕ್ರ ನಿಂತಿತು. ಮಗಳು ಅದನ್ನು ನೆಲದ ಮೇಲೆ ಉರುಳಿಸಿ ಚಪ್ಪಾಳೆ ತಟ್ಟಿದಳು. ಮಾಸ್ಕಿನ ಮೇಲೆ ಅವರ ಕಣ್ಣು ಸಣ್ಣಗಾದವು. ನಕ್ಕರೋ, ನೋವೋ, ನನಗೆ ತಿಳಿಯಲಿಲ್ಲ. ಕಾಲ್ ನಿಂತುಹೋಯಿತು. ಆಕ್ಸಿಜನ್ ಏರುತ್ತಿದೆ ಅಂತ ಮುಂದಿನ ಫೋನ್ ಬರುವ ತನಕ ನಾನು ದೇವರ ಹೆಸರು ಹೇಳಿಕೊಂಡು ದಂಟು ಸೀಳುತ್ತಾ ಕೂತಿದ್ದೆ.

ಆಸ್ಪತ್ರೆ ಸೇರಿದ ಹತ್ತನೇ ದಿನ ಅವರನ್ನು ಮನೆಗೆ ಕಳಿಸಿದರು. ಬಟ್ಟೆ ಮೈಮೇಲೆ ಜೋತಾಡುತ್ತಿತ್ತು. ಆಟೋ ಇಳಿದು ಜಗಲಿ ತನಕ ಬರುವಷ್ಟರಲ್ಲಿ ಎರಡು ಸಲ ನಿಂತರು. ಗುಣವಾಗಿದೆ, ಹತ್ತಿರ ಹೋದರೆ ಭಯವಿಲ್ಲ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಮಗಳು ಮಾತ್ರ ಬಾಗಿಲ ಹತ್ತಿರವೇ ನಿಂತಿದ್ದಳು. ಅಪ್ಪನನ್ನು ನೋಡುವಳು, ನನ್ನ ಮುಖ ನೋಡುವಳು.

ಡಾಕ್ಟರು ಹೇಳಿದ್ದನ್ನು ನಾನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡೆ. ಆಮೇಲೆ, "ಹೋಗು" ಅಂದೆ. ಅವಳು ಓಡಲಿಲ್ಲ. ಮೆಲ್ಲಗೆ ನಡೆದು ಹೋಗಿ, ಒಂದು ಬೆರಳಿನಿಂದ ಅವರ ಮೊಣಕಾಲು ಮುಟ್ಟಿ, ಮತ್ತೆ ನನ್ನ ಕಡೆ ತಿರುಗಿ ನೋಡಿದಳು.