ತಿಂಡಿ ಆಯ್ತಾ ಎಂಬ ಪ್ರಶ್ನೆ

ನಾನು ಇಪ್ಪತ್ತೇಳು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿದ್ದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಟೀವಿ ನೋಡುವುದು ನನ್ನ ಜಾಯಮಾನವಲ್ಲ. ಶಿವಮೊಗ್ಗದ ದುರ್ಗಿಗುಡಿಯ ಒಂದು ಮಹಡಿಯ ಮೇಲೆ ಎರಡು ಕೋಣೆಯ ಕಚೇರಿಯಿದ್ದ, ವಯಸ್ಸಾದವರ ಮನೆಗಳಿಗೆ ನರ್ಸುಗಳನ್ನು ಕಳಿಸುವ ಒಂದು ಸಂಸ್ಥೆಗೆ ಸೇರಿಕೊಂಡೆ. ಅಲ್ಲಿ ನನಗೆ ಎರಡು ಕೆಲಸ. ಶಿವಮೊಗ್ಗ ಮತ್ತು ಭದ್ರಾವತಿಯ ಕೆಲವು ಮನೆಗಳಿಗೆ ನಾನೇ ಹೋಗಬೇಕು. ಜೊತೆಗೆ, ಹೊಸದಾಗಿ ಸೇರಿದ ನರ್ಸುಗಳ ಜೊತೆ ಓಡಾಡಿ, ಅವರಿಗೆ ಕೆಲಸ ಬರುತ್ತದೋ ಇಲ್ಲವೋ ಎಂದು ಫಾರಂ ತುಂಬಬೇಕು.

ಆ ಫಾರಂ ನಾನೇ ಮಾಡಿದ್ದು. ಎರಡು ಪುಟ, ಮೂವತ್ತೆರಡು ಪ್ರಶ್ನೆ, ಪ್ರತಿಯೊಂದಕ್ಕೂ ಹೌದು, ಇಲ್ಲ ಎಂಬ ಎರಡು ಚೌಕ. ಕೈ ತೊಳೆದರೇ? ಹೌದು. ರೋಗಿಯ ಹೆಸರು ಕೇಳಿ ಖಚಿತಪಡಿಸಿಕೊಂಡರೇ? ಹೌದು. ಹನ್ನೊಂದನೆಯದು ಹೀಗಿತ್ತು: ಇನ್ಸುಲಿನ್ ಕೊಡುವ ಮುಂಚೆ ತಿಂಡಿ ಆಗಿದೆಯೇ ಎಂದು ಕೇಳಿದರೇ? ಕೊನೆಯಲ್ಲಿ ಸಮಯದ ಪ್ರಶ್ನೆ. ಒಂದು ಮನೆಗೆ ಹದಿನೈದು ನಿಮಿಷ. ಅದನ್ನು ಬರೆದ ದಿನ ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯಾಗಿತ್ತು.

ಹೊಳೆಹೊನ್ನೂರಿನಿಂದ ಬರುತ್ತಿದ್ದ ಒಬ್ಬಳು ಈ ಫಾರಂನಲ್ಲಿ ಎರಡು ಸಲ ಬಿದ್ದಿದ್ದಳು. ಮೂವತ್ತು ದಾಟಿದ ಹೆಂಗಸು. ನರ್ಸಿಂಗ್ ಓದಿ, ಒಂದು ವರ್ಷ ಕೆಲಸ ಮಾಡಿ, ಮದುವೆಯಾಗಿ, ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷ ನೋಡಿಕೊಂಡು, ಅವರು ತೀರಿಹೋದ ಮೇಲೆ ಮತ್ತೆ ಕೆಲಸಕ್ಕೆ ಬಂದಿದ್ದಳು. ಸೂಜಿ ಹಾಕುವುದರಲ್ಲಿ ಕೈ ಚೆನ್ನಾಗಿಯೇ ಇತ್ತು. ಆದರೆ ವಿಪರೀತ ನಿಧಾನ. ಮನೆಗೆ ಹೋದ ಕೂಡಲೇ ಬ್ಯಾಗು ಬಿಚ್ಚುವ ಬದಲು ಅಡಿಗೆಮನೆಗೆ ಹೋಗಿಬಿಡುತ್ತಿದ್ದಳು. ಸೊಸೆಯರ ಜೊತೆ ಎರಡು ಮಾತಾಡಿ, ಒಲೆಯ ಕಡೆ, ಸಿಂಕಿನ ಕಡೆ ಕಣ್ಣು ಹಾಯಿಸಿ, ಆಮೇಲೆ ರೋಗಿಯ ಹತ್ತಿರ ಬರುತ್ತಿದ್ದಳು. ನನಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

"ಕಂಡವರ ಅಡಿಗೆಮನೇಲಿ ನಿಂಗೇನು ಕೆಲಸ ಮಾರಾಯ್ತಿ? ನೀನು ನರ್ಸೋ, ನೆಂಟರೋ?" ಎಂದು ಒಮ್ಮೆ ರಸ್ತೆಯಲ್ಲೇ ಗದರಿಸಿದ್ದೆ. ಅವಳು ತಲೆ ತಗ್ಗಿಸಿ, "ಅಭ್ಯಾಸ ಸಿಸ್ಟರ್," ಎಂದಿದ್ದಳು.

ಮೂರನೆಯ ಸಲವೂ ಬಿದ್ದರೆ ಅವಳನ್ನು ಕೆಲಸದಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಮೂರನೆಯ ಸಲ ಬಂದದ್ದು ಭದ್ರಾವತಿಯ ನ್ಯೂ ಟೌನಿನಲ್ಲಿ.

ಅವತ್ತು ಬೆಳಿಗ್ಗೆ ನಾನು ಏಳುವುದೇ ತಡವಾಗಿತ್ತು. ನನಗೂ ಸಕ್ಕರೆ ಕಾಯಿಲೆ ಇದೆ. ಮಾತ್ರೆ ನುಂಗಿ, ಟೀ ಕುಡಿದು, ತಿಂಡಿ ಆಮೇಲೆ ನೋಡೋಣ ಎಂದು ಬಸ್ಸು ಹಿಡಿದೆ. ಅವಳು ನ್ಯೂ ಟೌನಿನ ಸ್ಟಾಪಿನಲ್ಲಿ ಕಾಯುತ್ತಿದ್ದಳು. ಮೊದಲನೆಯ ಮನೆಯಲ್ಲಿ ಒಬ್ಬ ಅಜ್ಜನ ಕಾಲಿನ ಗಾಯಕ್ಕೆ ಡ್ರೆಸಿಂಗ್ ಮಾಡಲು ಇಪ್ಪತ್ತಾರು ನಿಮಿಷ ತೆಗೆದುಕೊಂಡಳು. ಡ್ರೆಸಿಂಗಿಗೆ ಕುಂದಿಲ್ಲ. ಆದರೆ ಅದರಲ್ಲಿ ಏಳು ನಿಮಿಷ ಅಡಿಗೆಮನೆಗೆ ಹೋಗಿತ್ತು. ಹೊರಗೆ ಬಂದ ಮೇಲೆ ನಾನು ಹೇಳಿದೆ:

"ಮುಂದಿನ ಮನೇಲಿ ನಾನು ಮಾಡ್ತೀನಿ, ನೀನು ಸುಮ್ನೆ ನಿಂತು ನೋಡು. ಅಡಿಗೆಮನೆ ಕಡೆ ತಲೆ ಹಾಕ್ಬೇಡ. ಹೆಂಗೆ ಮಾಡ್ಬೇಕು ಅಂತ ಕಲ್ತ್ಕೋ."

ಮುಂದಿನ ಮನೆ ಕಾರ್ಖಾನೆಯವರ ಹಳೆಯ ಕ್ವಾರ್ಟರ್ಸು. ಅಲ್ಲಿದ್ದವರು ಎಂಬತ್ತೆರಡು ವರ್ಷದ ನಿವೃತ್ತ ಶಿಕ್ಷಕಿ. ಮಗ ಮತ್ತು ಸೊಸೆಯ ಜೊತೆ ಇದ್ದರು. ಮಂಡಿ ಕೆಲಸ ಮಾಡುತ್ತಿರಲಿಲ್ಲ, ತಲೆ ಮಾತ್ರ ಚುರುಕು. ದಿನಾ ಬೆಳಿಗ್ಗೆ ಇನ್ಸುಲಿನ್. ವಯಸ್ಸಾದವರು ತಿನ್ನುತ್ತಾರೋ ಬಿಡುತ್ತಾರೋ ಹೇಳಲಾಗದೆಂದು, ತಿಂಡಿ ತಿಂದ ಕೂಡಲೇ ಕೊಡುವಂಥದ್ದನ್ನೇ ಡಾಕ್ಟರು ಬರೆದಿದ್ದರು. ಸೊಸೆ ಏಳಕ್ಕೆ ಸ್ನಾನ ಮಾಡಿಸುತ್ತಿದ್ದರು, ಅಜ್ಜಿ ಲಿಂಗಪೂಜೆ ಮುಗಿಸಿ ತಿಂಡಿ ತಿನ್ನುತ್ತಿದ್ದರು, ಒಂಬತ್ತಕ್ಕೆ ನಮ್ಮವರು ಯಾರಾದರೂ ಹೋಗುತ್ತಿದ್ದರು. ತಿಂಗಳುಗಟ್ಟಲೆ ಇದೇ ಕ್ರಮ.

ಬಾಗಿಲು ಮುಂದೆ ಮಾಡಿತ್ತು, ಅಜ್ಜಿ ಒಬ್ಬರೇ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದರು. ನಾನು ಬ್ಯಾಗು ಬಿಚ್ಚುತ್ತಲೇ ಕೇಳಿದೆ:

"ತಿಂಡಿ ಆಯ್ತಾ ಅಮ್ಮ?"

"ಆಯ್ತಮ್ಮ. ನಿಮ್ದಾಯ್ತಾ?"

"ನಮ್ದೂ ಆಯ್ತು."

ಬೆರಳು ಚುಚ್ಚಿ ಶುಗರ್ ನೋಡಿದೆ. ನೂರ ಇಪ್ಪತ್ತೆಂಟು. ತಿಂಡಿ ತಿಂದ ಮೇಲೂ ಇಷ್ಟೇ! ಭೇಷ್, ಅಜ್ಜಿ ಪಥ್ಯ ಮಾಡುತ್ತಿದ್ದಾರೆ ಅಂದುಕೊಂಡೆ. ಆ ಅಂಕಿ ನನ್ನ ಮುಖಕ್ಕೇ ಸತ್ಯ ಹೇಳುತ್ತಿತ್ತು. ನರ್ಸಿಂಗ್ ಓದುವ ಮೊದಲ ವರ್ಷದ ಹುಡುಗಿಗೂ ಅನುಮಾನ ಬರಬೇಕಿತ್ತು. ನಾನು ಹೊಟ್ಟೆಗೆ ಸೂಜಿ ಹಾಕಿ, ಪುಸ್ತಕದಲ್ಲಿ ಬರೆದು, ಗಡಿಯಾರ ನೋಡಿದೆ. ಎಂಟು ನಿಮಿಷ. ಗೋಡೆಗೆ ಒರಗಿ ನಿಂತಿದ್ದವಳ ಕಡೆ ತಿರುಗಿ, ನೋಡಿದೆಯಾ ಎನ್ನುವ ಹಾಗೆ ಹುಬ್ಬು ಹಾರಿಸಿದೆ.

"ಸಿಸ್ಟರ್, ಕೈ ತೊಳ್ಕೊಂಡು ಬರ್ಲಾ?" ಎಂದು ಕೇಳಿ ಅವಳು ಒಳಗೆ ಹೋದಳು. ಸಿಂಕ್ ಇದ್ದದ್ದು ಅಡಿಗೆಮನೆಯಲ್ಲಿ. ಹೋದವಳು ಅರ್ಧ ನಿಮಿಷದಲ್ಲಿ ಬಾಗಿಲಿಗೆ ಬಂದು ನಿಂತಳು. ಮುಖದ ಬಣ್ಣ ಬದಲಾಗಿತ್ತು.

"ಸಿಸ್ಟರ್, ಅಜ್ಜಿ ತಟ್ಟೇಲಿ ಇಡ್ಲಿ ಹಂಗೇ ಮುಚ್ಚಿಟ್ಟಿದೆ. ಮುಟ್ಟೇ ಇಲ್ಲ."

ನಾನು ಅಜ್ಜಿಯ ಕಡೆ ತಿರುಗಿದೆ.

"ಅಮ್ಮ, ತಿಂಡಿ ಆಯ್ತು ಅಂದ್ರಲ್ಲ!"

"ಹೂಂ, ಅಂದೆ," ಎಂದರು ಅಜ್ಜಿ, ಏನೂ ಆಗದವರ ಹಾಗೆ. "ಬೆಳಿಗ್ಗೆ ಕರೆಂಟಿರ್ಲಿಲ್ಲ, ಗೀಸರ್ ನೀರು ಕಾಯ್ಲಿಲ್ಲ. ಮಗ ಕೆಲಸಕ್ಕೆ ಹೋದ. ಸೊಸೆ ಹೊತ್ತಾಯ್ತು ಅಂತ ಮೊಮ್ಮಗಳ ಸ್ಕೂಲ್ ಮೀಟಿಂಗಿಗೆ ಓಡಿದ್ಲು, ಹತ್ತೂವರೆಗೆ ಬಂದು ಸ್ನಾನ ಮಾಡಿಸ್ತೀನಿ ಅಂತ. ಸ್ನಾನ ಇಲ್ದೆ ಪೂಜೆ ಇಲ್ಲ, ಪೂಜೆ ಇಲ್ದೆ ತಿಂಡಿ ಇಲ್ಲ. ಆಗಿಲ್ಲ ಅಂದ್ರೆ ನೀವು ಪಾಪ ಕಾಯ್ಕೊಂಡು ಕೂರ್ತೀರಿ. ಮನೆಗೆ ಬಂದೋರು ಕೇಳಿದ್ರೆ ಆಗಿಲ್ಲ ಅಂತಾರಾ ಯಾರಾದ್ರೂ?"

ಇಷ್ಟು ವರ್ಷ ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮೂರಲ್ಲಿ ತಿಂಡಿ ಆಯ್ತಾ ಅನ್ನುವುದು ಪ್ರಶ್ನೆಯೇ ಅಲ್ಲ, ಅದೊಂದು ನಮಸ್ಕಾರ. ಅದಕ್ಕೆ ಆಯ್ತು ಅನ್ನುವುದು ತಿರುಗಿ ಮಾಡುವ ನಮಸ್ಕಾರ. ವಾರ್ಡಿನಲ್ಲಿ ಊಟದ ಗಾಡಿ ನಮ್ಮ ಕಣ್ಣೆದುರಿಗೇ ಬರುತ್ತಿತ್ತು, ಯಾರು ತಿಂದರು ಯಾರು ಬಿಟ್ಟರು ಎಂದು ಕೇಳದೆಯೇ ಗೊತ್ತಾಗುತ್ತಿತ್ತು. ಅಲ್ಲಿ ರೋಗಿ ನಮ್ಮ ಮನೆಗೆ ಬಂದವನು. ಇಲ್ಲಿ ನಾನು ಅವರ ಮನೆಗೆ ಬಂದವಳು. ನಾನೂ ಅಷ್ಟೇ ಸಲೀಸಾಗಿ ಆಯ್ತು ಅಂದಿದ್ದೆನಲ್ಲ, ಖಾಲಿ ಹೊಟ್ಟೆಯಲ್ಲಿ.

ಡಾಕ್ಟರಿಗೆ ಫೋನ್ ಮಾಡಿ, ತಪ್ಪಾಗಿದೆ ಎಂದು ಹೇಳಿದೆ. "ತಕ್ಷಣ ತಿನ್ನಿಸಿ. ತಿನ್ನದಿದ್ರೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ, ಕಾಯ್ಬೇಡಿ," ಎಂದರು. ಫೋನಿನಲ್ಲಿ ಸೊಸೆಯ ಎರಡು ಮಿಸ್ಡ್ ಕಾಲ್ ಕೂಡ ಕಂಡವು. ತಡವಾಗಿ ಬನ್ನಿ ಎನ್ನಲು ಮಾಡಿದ್ದಿರಬೇಕು. ಬಸ್ಸಿನಲ್ಲಿ ಸೈಲೆಂಟ್ ಮಾಡಿದ್ದು ನಾನೇ.

ಗ್ಲೂಕೋಸ್ ಕಲಸಿ ಲೋಟ ಬಾಯಿಯ ಹತ್ತಿರ ಹಿಡಿದೆ. ಅಜ್ಜಿ ತುಟಿ ಬಿಗಿದರು.

"ಅರವತ್ತು ವರ್ಷದಿಂದ ಪೂಜೆ ಆಗ್ದೆ ಬಾಯಿಗೇನೂ ಹಾಕಿಲ್ಲ. ಹೆರಿಗೆ ಆದ್ಮೇಲೂ ಬಿಟ್ಟಿಲ್ಲ."

"ಅಮ್ಮ, ಇಂಜೆಕ್ಷನ್ ಒಳಗೆ ಹೋಗಿದೆ. ಶುಗರ್ ಇಳಿದ್ರೆ ಪ್ರಜ್ಞೆ ತಪ್ಪುತ್ತೆ, ಜೀವಕ್ಕೆ ಅಪಾಯ!"

"ಹೋಗೋದಾದ್ರೆ ಹೋಗ್ಲಿ ಬಿಡಮ್ಮ. ಸ್ನಾನ ಮಾಡ್ದೆ ಲಿಂಗ ಮುಟ್ಟಿ ಹೋಗೋದು ಬೇಡ."

ನಾನು ಗದರಿಸಿದೆ, ಬೇಡಿಕೊಂಡೆ, ಇಂಗ್ಲಿಷಿನಲ್ಲಿ ಕಾಯಿಲೆಯ ಹೆಸರು ಹೇಳಿ ಹೆದರಿಸಿದೆ. ವಾರ್ಡಿನಲ್ಲಿ ನನ್ನ ದನಿಗೆ ಗಂಡಸರೂ ಸುಮ್ಮನೆ ಬಾಯಿ ತೆರೆಯುತ್ತಿದ್ದರು. ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ಆ ಶಿಕ್ಷಕಿಯ ಮುಂದೆ ನನ್ನ ಆಟ ನಡೆಯಲಿಲ್ಲ. ಇದರಲ್ಲೇ ಹತ್ತು ನಿಮಿಷ ಕಳೆದು, ಅವರ ಹಣೆಯ ಮೇಲೆ ಸಣ್ಣಗೆ ಬೆವರು ಕಾಣಿಸಿತು. ಆಂಬುಲೆನ್ಸ್ ಕರೆಯೋಣವೆಂದು ಮತ್ತೆ ಫೋನು ತೆಗೆದೆ.

ಹೊಳೆಹೊನ್ನೂರಿನವಳು ಒಲೆಯ ಮೇಲೆ ಆಗಲೇ ನೀರಿಟ್ಟಿದ್ದಳು. ಗ್ಯಾಸ್ ಇರುವಾಗ ನೀರು ಕಾಯಿಸಲು ಗೀಸರ್ ಯಾಕೆ ಎಂಬುದು ಆ ಗಾಬರಿಯಲ್ಲಿ ನನಗೆ ಹೊಳೆದೇ ಇರಲಿಲ್ಲ. ಬೇಸಿನ್ನು, ಎರಡು ಟವೆಲ್ಲು, ಹಗ್ಗದ ಮೇಲಿದ್ದ ಒಗೆದ ಸೀರೆ ತಂದು ಮಂಚದ ಪಕ್ಕ ಕೂತಳು.

"ಅಜ್ಜಿ, ಕೂತಲ್ಲೇ ಮೈ ಒರೆಸ್ತೀನಿ. ನಮ್ಮತ್ತೆ ಆರು ವರ್ಷ ಹಿಂಗೇ ಸ್ನಾನ ಮಾಡಿ ಪೂಜೆ ಮಾಡಿದ್ರು. ಕರಡಿಗೆ ನೀವೇ ಹಿಡ್ಕೊಳ್ಳಿ, ನಾನು ಮುಟ್ಟಲ್ಲ."

ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಅಜ್ಜಿ ಎದೆಗೆ ಒತ್ತಿ ಹಿಡಿದುಕೊಂಡರು. ಅವಳು ಮುಖ, ಕತ್ತು, ಕಂಕುಳು, ಬೆನ್ನು, ಕಾಲು ಎಂದು ಸರಸರನೆ ಒರೆಸಿದಳು. ಒರೆಸಿದ್ದನ್ನು ಆಗಲೇ ಒಣಗಿಸಿ ಮುಚ್ಚಿದಳು. ಒಂದು ಹನಿ ಹಾಸಿಗೆಗೆ ಬೀಳಲಿಲ್ಲ. ಆರು ನಿಮಿಷ. ನನ್ನ ಫಾರಂನಲ್ಲಿ ಇದೂ ಒಂದು ಪ್ರಶ್ನೆ, ಇಪ್ಪತ್ತೊಂದನೆಯದು. ಅವಳಿಗೆ ಅದರ ಚೌಕದ ಪಕ್ಕ 'ನಿಧಾನ' ಎಂದು ಹಿಂದಿನ ಸಲ ನಾನೇ ಬರೆದಿದ್ದೆ.

ವಿಭೂತಿ, ಪತ್ರೆ ತಂದಿಟ್ಟಳು. ಪುಟ್ಟ ಬಟ್ಟಲಿನಲ್ಲಿ ಸಕ್ಕರೆಯನ್ನೂ ಇಟ್ಟಳು.

"ಇವತ್ತು ಚಿಕ್ಕದಾಗಿ ಮಾಡಿ ಅಜ್ಜಿ. ನೈವೇದ್ಯಕ್ಕೆ ಸಕ್ಕರೆ ಇಟ್ಟಿದೀನಿ."

"ಸಕ್ಕರೆನಾ? ನಂಗೆ ಸಕ್ಕರೆ ಕಾಯಿಲೆ ಅಲ್ವೇನೇ?"

"ದೇವ್ರಿಗಿಲ್ವಲ್ಲ."

ಅಜ್ಜಿ ನಕ್ಕುಬಿಟ್ಟರು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ನಡುಗುವ ಬೆರಳಿನಿಂದ ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕಣ್ಣು ಮುಚ್ಚಿದರು. ಆ ಒಂದೆರಡು ನಿಮಿಷ ನಾನು ಗ್ಲೂಕೋಸಿನ ಲೋಟ ಹಿಡಿದು ನಿಂತಿದ್ದೆ. ಕಣ್ಣು ತೆರೆದು, ಬಟ್ಟಲಿನ ಸಕ್ಕರೆಯನ್ನು ಲಿಂಗಕ್ಕೆ ತೋರಿಸಿ, ಪ್ರಸಾದವೆಂದು ಅಷ್ಟನ್ನೂ ಬಾಯಿಗೆ ಹಾಕಿಕೊಂಡರು. ನಾನು ಬೆರಳು ಚುಚ್ಚಿದೆ. ಎಪ್ಪತ್ತೊಂದಕ್ಕೆ ಇಳಿದಿತ್ತು. ಗ್ಲೂಕೋಸ್ ನೀರನ್ನೂ ಕುಡಿದರು, ಆಮೇಲೆ ಇಡ್ಲಿ ತಿಂದರು. ಕಾಲು ಗಂಟೆಯ ಮೇಲೆ ನೂರ ಹದಿನೈದು ತೋರಿಸಿದಾಗ ನಾನು ಅಲ್ಲೇ ನೆಲದ ಮೇಲೆ ಕೂತೆ.

ಡಾಕ್ಟರು ಹೇಳಿದಂತೆ ಮೂರು ಗಂಟೆಯವರೆಗೂ ಅಲ್ಲೇ ಇದ್ದು, ಮತ್ತೆ ಮತ್ತೆ ಶುಗರ್ ನೋಡಿದೆವು. ಉಳಿದ ಮನೆಗಳಿಗೆ ಬೇರೆ ನರ್ಸನ್ನು ಕಳಿಸಲು ಕಚೇರಿಗೆ ಹೇಳಿದೆ. ಸೊಸೆ ಬಂದ ಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಅತ್ತೆಯ ಪಕ್ಕ ಕೂತು ಹಣೆ ಮುಟ್ಟಿ ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ಅವಳು ಪಕ್ಕದಲ್ಲಿ ಕೂತಿದ್ದಳು. ಮಡಿಲಲ್ಲಿದ್ದ ಫಾರಂ ಕಡೆ ನೋಡಿ ಮೆಲ್ಲಗೆ ಕೇಳಿದಳು:

"ಸಿಸ್ಟರ್, ಅಜ್ಜಿಗೆ ಏನೂ ಆಗ್ಲಿಲ್ವಲ್ಲ. ಇದನ್ನ ಬರೀಲೇಬೇಕಾ? ನಾನಂತೂ ಯಾರ ಹತ್ರನೂ ಹೇಳಲ್ಲ."

ಸುಳ್ಳು ಯಾಕೆ ಹೇಳಲಿ, ಬರೆಯದೆ ಇದ್ದುಬಿಡೋಣ ಅನ್ನಿಸಿತ್ತು. ಆದರೆ ಬರೆಯದಿದ್ದರೆ ಆ ದಿನದ ಲೆಕ್ಕಕ್ಕೆ ಉಳಿಯುವುದು ಅವಳ ಇಪ್ಪತ್ತಾರು ನಿಮಿಷ ಮಾತ್ರ. ಅವಳು ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಾಳೆ, ನಾನು ಇನ್ನೊಬ್ಬಳಿಗೆ ಕಲಿಸಲು ಹೋಗುತ್ತೇನೆ. ಕಚೇರಿಗೆ ಬಂದು ಮೊದಲು ನನ್ನ ತಪ್ಪನ್ನು ಬೇರೆ ಹಾಳೆಯಲ್ಲಿ ಬರೆದೆ. ಅಡಿಗೆಮನೆಗೆ ಹೋಗದಂತೆ ಅವಳನ್ನು ತಡೆದದ್ದನ್ನೂ ಬರೆದೆ. ಆಮೇಲೆ ಅವಳ ಫಾರಂ ತೆಗೆದು, ಸಮಯದ ಪ್ರಶ್ನೆಗೆ ಅಡ್ಡಗೆರೆ ಎಳೆದು, ಕೆಲಸ ಬರುತ್ತದೆ ಎಂದು ಬರೆದು ಸಹಿ ಹಾಕಿದೆ. ಹನ್ನೊಂದನೆಯ ಪ್ರಶ್ನೆಯನ್ನು ಹೊಡೆದು ಹಾಕಿ ಪಕ್ಕದಲ್ಲಿ ಹೊಸದು ಬರೆದೆ: ಏನು ತಿಂದರು ಎಂದು ಕೇಳಿದರೇ? ತಟ್ಟೆ ನೋಡಿದರೇ?

ಅವಳು ಫಾರಂ ಓದಿದಳು, ಮತ್ತೊಮ್ಮೆ ಓದಿದಳು. ಕಣ್ಣು ಒರೆಸಿಕೊಂಡು ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಬಾಗಿಲ ಹತ್ತಿರ ಹೋಗಿ ತಿರುಗಿದಳು.

"ಬರ್ತೀನಿ ಸಿಸ್ಟರ್. ಊಟ ಆಯ್ತಾ ನಿಮ್ದು?"

"ಆಯ್ತು, ಆಯ್ತು. ಹೋಗು, ಬಸ್ಸು ತಪ್ಪುತ್ತೆ."

ಅವಳು ಹೋಗಲಿಲ್ಲ. ಬೆಳಗಿನಿಂದ ನನ್ನ ಜೊತೆಗೇ ಇದ್ದವಳು. ಬಾಗಿಲಲ್ಲೇ ನಿಂತು ನನ್ನ ಮುಖ ನೋಡುತ್ತಾ ಕೇಳಿದಳು:

"ಏನು ತಿಂದ್ರಿ?"

ಗಡಿಯಾರದಲ್ಲಿ ನಾಲ್ಕೂಕಾಲು. ನಾನು ಪೆನ್ನಿನ ಮುಚ್ಚಳ ಹಾಕಿ, "ಏನೂ ಇಲ್ಲ ಕಣೆ," ಎಂದೆ. ಅವಳು ಬ್ಯಾಗು ಇಳಿಸಿ ಒಳಗೆ ಬಂದಳು.